ಸೊಂಟಕ್ಕೆ ಕಟ್ಟಿದ ಹಗ್ಗ: ಕಾವೇರಿ ದಡದ ಒಂದು ರಾತ್ರಿಯ ಪ್ರಕರಣ

ಮೊದಲೇ ಹೇಳಿಬಿಡುತ್ತೇನೆ, ಆ ರಾತ್ರಿ ಯಾರೂ ಸಾಯಲಿಲ್ಲ. ನೀರು ನುಗ್ಗಿದ ಮನೆಯಲ್ಲಿ ಸಿಕ್ಕಿಬಿದ್ದಿದ್ದ ನಾಲ್ಕು ಜನ ಬೆಳಿಗ್ಗೆ ದಡಕ್ಕೆ ಬಂದರು. ಅವರನ್ನು ಕರೆತರಲು ಹೋಗಿ ತಾನೇ ಮುಳುಗುತ್ತಿದ್ದ ಹುಡುಗನೂ ಉಳಿದ. ಆದರೆ ಅವನ ಜೀವಕ್ಕೆ ಕುತ್ತು ಬಂದದ್ದು ಹೊಳೆಗಿಂತ ಜಾಸ್ತಿ ಅವನ ಸೊಂಟಕ್ಕೆ ಊರಿನವರೇ ಕಟ್ಟಿದ್ದ ಹಗ್ಗದಿಂದ. ಇದನ್ನು ಸರಿಯಾಗಿ ಬರೆದಿಡಬೇಕು ಅಂತ ಅವತ್ತಿನಿಂದಲೂ ಅನ್ನಿಸುತ್ತಿದೆ. ಯಾಕೆಂದರೆ ಪ್ರತಿ ಮಳೆಗಾಲದಲ್ಲೂ ಯಾವುದೋ ಹೊಳೆಕರೆಯಲ್ಲಿ ಯಾರೋ ಒಬ್ಬರು ಒಳ್ಳೆಯ ಮನಸ್ಸಿನಿಂದಲೇ ಇನ್ನೊಬ್ಬರ ಸೊಂಟಕ್ಕೆ ಹಗ್ಗ ಕಟ್ಟುತ್ತಾರೆ. ಅವರಿಗೆ ಇದು ತಲುಪಬೇಕು.

ನಾನು ಕೊಡಗಿನ ಸಿದ್ದಾಪುರದ ಕಡೆ ಒಂದು ಕಾಫಿ ತೋಟದಲ್ಲಿ ರೈಟರ್. ಹಾಜರಿ, ಗೊಬ್ಬರ, ಮಳೆ, ಎಲ್ಲದರ ಲೆಕ್ಕ ಬರೆಯುವುದು ನನ್ನ ಕೆಲಸ. ನಮ್ಮ ರಕ್ಷಣಾ ತಂಡದಲ್ಲೂ ಹೆಚ್ಚುಕಡಿಮೆ ಅದೇ. ನಾನು ದೋಣಿ ಹತ್ತುವವನಲ್ಲ. ದಡದಲ್ಲಿ ನಿಂತು ಯಾರು ನೀರಿಗೆ ಇಳಿದರು, ಎಷ್ಟು ಹೊತ್ತಿಗೆ ಇಳಿದರು, ನೀರು ಎಷ್ಟು ಏರಿತು ಅಂತ ಬರೆದುಕೊಳ್ಳುತ್ತೇನೆ. ಇಲ್ಲಿರುವ ಸಮಯಗಳೆಲ್ಲ ಆ ಪುಸ್ತಕದಿಂದ ತೆಗೆದದ್ದು.

ತಂಡದಲ್ಲಿ ನಾವು 14 ಜನ. ಮುಂದಾಳು ಜೀಪ್ ಓಡಿಸುವವರು, ಅವರನ್ನು ನಾವೆಲ್ಲ ಇಕ್ಕ ಅಂತಲೇ ಕರೆಯುವುದು. ರಾಫ್ಟಿಂಗ್ ಗೈಡ್ ಕೆಲಸ ಮಾಡಿದ ಅಣ್ಣ ತಮ್ಮ ಇಬ್ಬರಿದ್ದಾರೆ. ಒಬ್ಬರು ಆಶಾ ಕಾರ್ಯಕರ್ತೆ. ಮಲ್ಪೆಯಲ್ಲಿ ಎಂಟು ವರ್ಷ ಮೀನಿನ ಬೋಟಿನಲ್ಲಿ ದುಡಿದು ಮದುವೆಯಾಗಿ ಇಲ್ಲಿಗೆ ಬಂದವರೊಬ್ಬರು. ಉಳಿದವರು ತೋಟದ ಕೆಲಸದವರು, ಅಂಗಡಿಯವರು. ಕೊಡವ ತಕ್ಕ್, ಮಲಯಾಳ, ತುಳು, ತಮಿಳು, ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಭಾಷೆ. ಹೊಳೆಕರೆಗೆ ಬಂದರೆ ಎಲ್ಲರದೂ ಕನ್ನಡ. ಯಾರಿಗೂ ಸಂಬಳ ಇಲ್ಲ. ಕರೆ ಬಂದ ದಿನದ ಕೂಲಿಯೂ ಹೋಗುತ್ತದೆ.

ತಂಡ ಕಟ್ಟಿದ್ದು ಯಾಕೆ ಅಂತ ಇಲ್ಲಿನವರಿಗೆ ಹೇಳಬೇಕಾಗಿಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲದ ಕಡೆ ಗುಡ್ಡ ಜಾರಿತು, ಕುಶಾಲನಗರದ ಬಡಾವಣೆಗಳಿಗೆ ನೀರು ನುಗ್ಗಿತು. ಮಾರನೇ ವರ್ಷ ಅದೇ ಆಗಸ್ಟ್‌ನಲ್ಲಿ ತೋರದಲ್ಲಿ ಬೆಟ್ಟ ಕುಸಿಯಿತು. ಕರಡಿಗೋಡು, ಗುಹ್ಯ, ನೆಲ್ಯಹುದಿಕೇರಿಯ ಹೊಳೆಕರೆ ಮನೆಗಳು ಮುಳುಗಿದವು. 2020ರಲ್ಲಿ ತಲಕಾವೇರಿಯಲ್ಲೇ ಬೆಟ್ಟ ಇಳಿಯಿತು. ಎನ್‌ಡಿಆರ್‌ಎಫ್ ಬಂತು, ಅಗ್ನಿಶಾಮಕದವರು ಬಂದರು, ಸೈನ್ಯವೂ ಬಂತು. ಆದರೆ ರಸ್ತೆಗೆ ಮರ ಬಿದ್ದು, ಮಣ್ಣು ಕುಸಿದು, ಅವರು ತಲುಪುವ ತನಕದ ಹೊತ್ತು ಇರುತ್ತದಲ್ಲ, ಅದು ಅಕ್ಕಪಕ್ಕದ ಮನೆಯವರದ್ದೇ. ಆ ಹೊತ್ತಿನಲ್ಲಿ ಎದೆಗಾರಿಕೆ ಬೇಕಾದಷ್ಟು ಇರುತ್ತದೆ, ತಿಳುವಳಿಕೆ ಕಡಿಮೆ ಇರುತ್ತದೆ.

ತಿಳುವಳಿಕೆಗೆ ನಾವು ಸಮುದ್ರದವರ ಕಡೆ ನೋಡಿದೆವು. ಬೆಟ್ಟದ ಮೇಲೆ ಕೂತವರು ಕಡಲಿನವರಿಂದ ಕಲಿಯುವುದೇನು ಅಂತ ಆಗ ಕೆಲವರು ಕೇಳಿದ್ದರು. ಬ್ರಿಟನ್ ಮತ್ತು ಐರ್ಲೆಂಡ್ ಕರಾವಳಿಯಲ್ಲಿ ಆರ್‌ಎನ್‌ಎಲ್‌ಐ ಅನ್ನುವ ಜೀವರಕ್ಷಕ ದೋಣಿಗಳ ಸಂಸ್ಥೆ ಇದೆ. ಶುರುವಾದದ್ದು 1824ರಲ್ಲಿ. 200 ವರ್ಷ ಕಳೆದ ಮೇಲೂ ಅದರ ದೋಣಿಗಳಲ್ಲಿ ಹೋಗುವವರಲ್ಲಿ ಹೆಚ್ಚಿನವರು ಸ್ವಯಂಸೇವಕರೇ. ಮೀನು ಹಿಡಿಯುವವರು, ಬಡಗಿಗಳು, ಮೇಷ್ಟ್ರುಗಳು. ಖರ್ಚು ನಡೆಯುವುದು ಹೆಚ್ಚಾಗಿ ಜನ ಕೊಡುವ ದೇಣಿಗೆಯಿಂದ. ಅವರಲ್ಲಿ ದೋಣಿ ನೀರಿಗೆ ಇಳಿಸಲು ಒಪ್ಪಿಗೆ ಕೊಡುವವರು ಬೇರೆಯೇ ಇರುತ್ತಾರೆ, ಅವರು ದಡದಲ್ಲಿ ಇರುವವರು. ಇದು ನನಗೆ ತುಂಬಾ ಹಿಡಿಸಿತು. ನೀರಿಗೆ ಹಾರಲು ಮೈಯೆಲ್ಲ ತುದಿಗಾಲಲ್ಲಿ ನಿಂತಿರುವ ಮನುಷ್ಯನೇ ಹೋಗಬೇಕೋ ಬೇಡವೋ ಅಂತ ಯೋಚಿಸಲಾಗುವುದಿಲ್ಲ.

ಅವರ ಇನ್ನೊಂದು ಕತೆ ನಮ್ಮ ತಂಡದ ನಿಯಮವೇ ಆಯಿತು. 1981ರ ಡಿಸೆಂಬರ್ 19ರ ರಾತ್ರಿ ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ದೊಡ್ಡ ಬಿರುಗಾಳಿ. ಯೂನಿಯನ್ ಸ್ಟಾರ್ ಅನ್ನುವ ಹಡಗಿನ ಎಂಜಿನ್ ಕೆಟ್ಟು ಅದು ಬಂಡೆಗಳ ಕಡೆ ತೇಲುತ್ತಿತ್ತು, ಅದರಲ್ಲಿ 8 ಜನ. ಮೌಸ್‌ಹೋಲ್ ಅನ್ನುವ ಸಣ್ಣ ಊರಿನ 8 ಸ್ವಯಂಸೇವಕರು ಸಾಲೊಮನ್ ಬ್ರೌನ್ ಅನ್ನುವ ಮರದ ದೋಣಿಯಲ್ಲಿ ಹೊರಟರು. 16 ಜನರಲ್ಲಿ ಒಬ್ಬರೂ ವಾಪಸ್ ಬರಲಿಲ್ಲ. ಹೊರಡುವಾಗ ದೋಣಿಯ ಮುಖ್ಯಸ್ಥ ಟ್ರೆವೆಲಿಯನ್ ರಿಚರ್ಡ್ಸ್ ಒಬ್ಬ ಹುಡುಗನನ್ನು ದಡದಲ್ಲೇ ಬಿಟ್ಟಿದ್ದರು. ಅವನ ತಂದೆ ಆಗಲೇ ದೋಣಿಯಲ್ಲಿದ್ದರು, ಇಂಥ ರಾತ್ರಿ ಒಂದು ಮನೆಯಿಂದ ಇಬ್ಬರು ಬೇಡ ಅಂತ. ಆ ಹುಡುಗ ಮುಂದೆ ಅದೇ ಠಾಣೆಯ ದೋಣಿಗೆ ಮುಖ್ಯಸ್ಥನಾದ. ಇದನ್ನು ಓದಿದ ಮೇಲೆ ನಮ್ಮ ಅಣ್ಣ ತಮ್ಮ ಒಂದೇ ದೋಣಿ ಹತ್ತಬಾರದು ಅಂತ ಇಕ್ಕ ಹೇಳಿದರು. ಇಬ್ಬರೂ ಒಳ್ಳೆಯ ಗೈಡ್‌ಗಳು, ಇಬ್ಬರಿಗೂ ಬೇಜಾರಾಯಿತು. ಆದರೂ ಅಣ್ಣ ದೋಣಿಗೆ, ತಮ್ಮ ದಡಕ್ಕೆ ಅಂತ ಆಯಿತು.

ಈಗ ಆ ರಾತ್ರಿಗೆ ಬರುತ್ತೇನೆ.

ಆಗಸ್ಟ್ ಮೊದಲ ವಾರ. ಕೊಡಗಿನಲ್ಲಿ ಮದ್ದುಸೊಪ್ಪು ತಿನ್ನುವ ದಿನ, ಕಕ್ಕಡ ತಿಂಗಳ 18, ಕಳೆದು ಮೂರು ದಿನ ಆಗಿತ್ತು, ಮನೆಗಳಲ್ಲಿ ಮದ್ದುಸೊಪ್ಪಿನ ಪಾಯಸದ ಪಾತ್ರೆ ಇನ್ನೂ ನೀಲಿಯಾಗಿಯೇ ಇದ್ದ ದಿನಗಳು. ನಮ್ಮ ತೋಟದ ಮಳೆ ಮಾಪಕದಲ್ಲಿ ಎರಡು ದಿನಕ್ಕೆ 9 ಇಂಚು 40 ಸೆಂಟ್ಸ್, ಅಂದರೆ 9.4 ಇಂಚು ಬಂದಿತ್ತು. ಭಾಗಮಂಡಲದಲ್ಲಿ ಅದಕ್ಕಿಂತ ಜಾಸ್ತಿ. ಕಾವೇರಿಗೆ ಒಂದು ಕ್ರಮ ಇದೆ. ಮೊದಲು ಭಾಗಮಂಡಲ, ಆಮೇಲೆ ನಾಪೋಕ್ಲು ಚೆರಿಯಪರಂಬು ಕಡೆ, ಆಮೇಲೆ ಬೇತ್ರಿ, ಕೊಂಡಂಗೇರಿ, ಆಮೇಲೆ ನಾವು. ಮೇಲಿನವರಿಗೆ ನೀರು ಬಂತು ಅಂದರೆ ನಮಗೆ ಕೆಲವು ಗಂಟೆಗಳ ಸಮಯ ಇದೆ ಅಂತ ಅರ್ಥ.

ಹೊಳೆಕರೆಯ ಒಂದು ಪೈಸಾರಿಯ, ಅಂದರೆ ಸರ್ಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡವರ ಕಾಲೋನಿಯ, ಕೆಳಗಿನ ಸಾಲಿಗೆ ಸಂಜೆ ಆರೂವರೆಗೆ ನೀರು ಬಂತು. 11 ಮನೆಗಳಲ್ಲಿ 10 ಮನೆಯವರು ಶಾಲೆಯಲ್ಲಿದ್ದ ಗಂಜಿ ಕೇಂದ್ರಕ್ಕೆ ಆಗಲೇ ಹೋಗಿದ್ದರು. ಕೊನೆಯ ಮನೆಯ ತಾತ ಹೋಗಿರಲಿಲ್ಲ. ಹಿಂದಿನ ಎರಡು ಸಲ ಹೊರಡಿ ಅಂದಾಗ ಹೋಗಿದ್ದರು, ಎರಡು ಸಲವೂ ನೀರು ಅಂಗಳದ ತನಕವೂ ಬಂದಿರಲಿಲ್ಲ, ಒಂದು ಸಲ ಕೋಳಿಗಳು ಕಳೆದುಹೋಗಿದ್ದವು. ಈ ಸಲ ನೋಡೋಣ ಅಂತ ಕೂತರು. ಅವರನ್ನು ಬಯ್ಯಬೇಡಿ. ಎರಡು ಸಲ ಸುಮ್ನೆ ಓಡಿಸಿದ ಮೇಲೆ ಮೂರನೇ ಸಲ ಯಾರಾದರೂ ಹಾಗೇ ಮಾಡುತ್ತಾರೆ. ಹಸುವನ್ನು ಮೇಲೆ ಕಟ್ಟಿ ವಾಪಸ್ ಬರುವಷ್ಟರಲ್ಲಿ ಮನೆಗೂ ರಸ್ತೆಗೂ ನಡುವೆ ಹೊಳೆ ಹೊಸ ದಾರಿ ಮಾಡಿಕೊಂಡಿತ್ತು. ನೀರಿನಲ್ಲೇ ಹೇಗೋ ಮನೆ ಸೇರಿಕೊಂಡರು, ಆಮೇಲೆ ಹೊರಗೆ ಬರಲಾಗಲಿಲ್ಲ. ಒಳಗೆ ತಾತ, ಅಜ್ಜಿ, ಏಳು ತಿಂಗಳ ಬಸುರಿ ಸೊಸೆ, ಅವರ ಐದು ವರ್ಷದ ಮಗಳು.

ಕರೆಂಟ್ ಹೋಗಿತ್ತು, ಟವರ್ ಸತ್ತಿತ್ತು. ನಮಗೆ ಸುದ್ದಿ ತಲುಪಿದ್ದು 8.50ಕ್ಕೆ, ಒಬ್ಬ ಹುಡುಗ ಬೈಕಿನಲ್ಲಿ ಬಂದು ಹೇಳಿದ ಮೇಲೆ. ದಾರಿಯಲ್ಲಿ ಬಿದ್ದಿದ್ದ ಮರವೊಂದನ್ನು ಕುಯ್ದು, ರಾಫ್ಟ್ ಹೊತ್ತ ಪಿಕಪ್ ಅಲ್ಲಿಗೆ ಮುಟ್ಟಿದಾಗ 9.20.

ಅಷ್ಟರಲ್ಲಿ ಅಲ್ಲಿನವರು ಕಾದು ಸಾಕಾಗಿ ಕೆಲಸ ಶುರು ಮಾಡಿದ್ದರು. ತಾತನ ಮಗಳ ಮಗ, 22 ವರ್ಷ, ಮೈಸೂರಿನಲ್ಲಿ ಕೆಲಸ, ರಜೆಗೆ ಬಂದವನು. ಈಜು ಚೆನ್ನಾಗಿ ಬರುತ್ತದೆ. ಅವನ ಸೊಂಟಕ್ಕೆ ಹಸು ಕಟ್ಟುವ ನೈಲಾನ್ ಹಗ್ಗ ಎರಡನ್ನು ಸೇರಿಸಿ ಬಿಗಿಯಾಗಿ ಗಂಟು ಹಾಕಿ, ಆರು ಗಂಡಸರು ಹಿಡಿದು ನಿಂತು, ಅವನನ್ನು ನೀರಿಗೆ ಇಳಿಸಿದ್ದರು. ನಾವು ಜೀಪಿನಿಂದ ಇಳಿಯುವ ಹೊತ್ತಿಗೆ ಅವನು ದಡದಿಂದ 15 ಮೀಟರ್ ಆಚೆ ಇದ್ದ. ಅವನ ತಲೆ ಕಾಣುತ್ತಿರಲಿಲ್ಲ.

ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ಹಗ್ಗ ಹೇಗೆ ಮುಳುಗಿಸುತ್ತದೆ? ಸುಮ್ನೆ ತೇಲಿಹೋಗುವ ಮನುಷ್ಯನಿಗೆ ನೀರಿನ ಒತ್ತಡ ಅಷ್ಟಾಗಿ ತಾಗುವುದಿಲ್ಲ, ಅವನೂ ನೀರಿನ ಜೊತೆಗೇ ಹೋಗುತ್ತಿರುತ್ತಾನೆ. ಹಗ್ಗ ಬಿಗಿಯಾಗಿ ಅವನು ನಿಂತ ಕೂಡಲೇ ಬರುವ ನೀರೆಲ್ಲ ಅವನ ಮೈಮೇಲೆ ಬೀಳುತ್ತದೆ. ನೀರಿನ ವೇಗ ಎರಡು ಪಟ್ಟಾದರೆ ಆ ಒತ್ತಡ ನಾಲ್ಕು ಪಟ್ಟಾಗುತ್ತದೆ. ಹಗ್ಗ ಸೊಂಟದಲ್ಲಿ ಇರುವುದರಿಂದ ಮೈ ಅಲ್ಲಿಗೆ ಮಡಿಚಿಕೊಂಡು ತಲೆ ಕೆಳಗೆ ಹೋಗುತ್ತದೆ. ದಡದವರು ಹೆದರಿ ಇನ್ನೂ ಜೋರಾಗಿ ಎಳೆಯುತ್ತಾರೆ, ಅವನು ಇನ್ನೂ ಕೆಳಗೆ ಹೋಗುತ್ತಾನೆ. ಬಿಗಿದ ನೈಲಾನ್ ಗಂಟನ್ನು ನೀರಿನೊಳಗೆ ಬಿಚ್ಚಲು ಯಾರಿಂದಲೂ ಆಗುವುದಿಲ್ಲ. ರಕ್ಷಣಾ ಕೆಲಸದ ಜಾಕೆಟ್‌ಗಳಲ್ಲಿ ಹಗ್ಗ ಕಟ್ಟುವ ಬಳೆ ಬೆನ್ನಿನ ಮೇಲುಭಾಗದಲ್ಲಿ ಇರುವುದು ಇದಕ್ಕೇ, ಆಗ ಎದೆ ತಲೆ ಮೇಲೆದ್ದು ತೇಲುತ್ತವೆ. ಮುಂದೆ ಒಂದು ಗುಂಡಿ ಎಳೆದರೆ ಬೆಲ್ಟ್ ಪೂರ್ತಿ ಬಿಚ್ಚಿಕೊಳ್ಳುತ್ತದೆ. ಆ ಥರದ ಜಾಕೆಟ್ ಇಲ್ಲದೆ ಹರಿಯುವ ನೀರಿಗೆ ಇಳಿಯುವವರಿಗೆ ಹಗ್ಗ ಕಟ್ಟಲೇಬಾರದು. ಸೊಂಟಕ್ಕೂ ಬೇಡ, ಎದೆಗೂ ಬೇಡ, ಕೈಗೂ ಬೇಡ.

ಇಕ್ಕ ಓಡಿಹೋಗಿ ಹಗ್ಗ ಸಡಿಲ ಬಿಡಿ ಅಂದರು. ಯಾರೂ ಬಿಡಲಿಲ್ಲ. ಮುಂದೆ ಹಿಡಿದಿದ್ದ ಮಾಮ ಒಬ್ಬರು, ಹುಡುಗನಿಗೆ ಸಂಬಂಧದವರೇ, "ಬಿಟ್ಟರೆ ಹುಡುಗ ಹೋದ, ಬಿಡಬೇಡಿ" ಅಂತ ಕೂಗುತ್ತಿದ್ದರು. ಅವರ ಜಾಗದಲ್ಲಿ ನಾನಿದ್ದರೂ ಬಿಡುತ್ತಿರಲಿಲ್ಲ. ಕೈಯಲ್ಲಿರುವುದು ಹುಡುಗನ ಜೀವ ಅಂತ ಅವರು ನಂಬಿದ್ದರು. ಇಕ್ಕ ವಾದ ಮಾಡಲಿಲ್ಲ. "ಬಿಡಬೇಡಿ ಅಣ್ಣಾ, ಹಿಡಿದುಕೊಂಡೇ ಕೆಳಗೆ ನಡೀರಿ, ನೀರು ಹೋಗುವ ಕಡೆ ನಡೀರಿ" ಅಂದರು. ಅದನ್ನು ಅವರು ಮಾಡಿದರು. ನಾಲ್ಕೈದು ಹೆಜ್ಜೆ ಇಟ್ಟ ಕೂಡಲೇ ಹಗ್ಗ ಸಡಿಲವಾಗಿ ತಲೆ ಮೇಲೆ ಬಂತು. ಹುಡುಗ ಉಸಿರು ತೆಗೆದ ಸದ್ದು ದಡಕ್ಕೆ ಕೇಳಿಸಿತು. ಆದರೆ ಅಲ್ಲಿಂದ ಮುಂದೆ ದಡದಲ್ಲಿ ಮುಳ್ಳುಪೊದೆ, ದಾರಿ ಇಲ್ಲ. ಹಗ್ಗ ಮತ್ತೆ ಬಿಗಿಯಿತು.

ಆಗ ಇದ್ದ ದಾರಿ ಒಂದೇ, ಹಗ್ಗ ಕುಯ್ಯುವುದು. ಆದರೆ ಕೆಳಗೆ 40 ಮೀಟರ್ ದೂರದಲ್ಲಿ ತೋಟದ ಮುಳ್ಳುತಂತಿ ಬೇಲಿ ನೀರಿನೊಳಗೆ ನಿಂತಿತ್ತು. ಬೇಲಿ, ಬಿದಿರು ಮೆಳೆ, ಬಿದ್ದ ಮರ, ಇವುಗಳ ನಡುವೆ ನೀರು ಹೋಗುತ್ತದೆ, ಮನುಷ್ಯ ಹೋಗುವುದಿಲ್ಲ. ಸೆಳವಿನಲ್ಲಿ ಇದಕ್ಕಿಂತ ಕೆಟ್ಟ ಜಾಗ ಇಲ್ಲ. ಹಾಗಾಗಿ ಹುಡುಗನನ್ನು ಬಿಡುವ ಮೊದಲು ಬೇಲಿಗಿಂತ ಮೇಲೆ ಯಾರಾದರೂ ಅವನನ್ನು ಹಿಡಿಯಲು ನಿಂತಿರಬೇಕು. ಗೈಡ್‌ಗಳಲ್ಲಿ ತಮ್ಮನಾದವನು ಒಂದು ಥ್ರೋಬ್ಯಾಗ್ ಹಿಡಿದು ಪೊದೆ ನುಗ್ಗಿ ಓಡಿದ. ಆಶಾ ಅಕ್ಕ ಇನ್ನೊಂದು ಹಿಡಿದು ಅವನಿಗಿಂತ ಎಂಟು ಮೀಟರ್ ಕೆಳಗೆ ನಿಂತರು. ಥ್ರೋಬ್ಯಾಗ್ ಅಂದರೆ 20 ಮೀಟರ್ ತೇಲುವ ಹಗ್ಗ ತುಂಬಿದ ಸಣ್ಣ ಚೀಲ. ತುದಿ ಕೈಯಲ್ಲಿ ಹಿಡಿದು ಚೀಲ ಎಸೆದರೆ ಹಗ್ಗ ಬಿಚ್ಚಿಕೊಳ್ಳುತ್ತಾ ಹೋಗುತ್ತದೆ. ಅವರು ಸೀಟಿ ಊದುವ ತನಕ ಇಕ್ಕ ಕತ್ತಿ ಹಿಡಿದು ಕಾದರು. 40 ಸೆಕೆಂಡ್. ನನ್ನ ಕೈಯಲ್ಲಿ ಗಡಿಯಾರ ಇತ್ತು. ಆ 40 ಸೆಕೆಂಡಿನಲ್ಲಿ ಹುಡುಗನ ತಲೆ ಎರಡು ಸಲ ಮೇಲೆ ಬಂತು.

ಸೀಟಿ ಕೇಳಿತು. ಇಕ್ಕ ಹಗ್ಗ ಕುಯ್ದರು. ಮಾಮ ಕಿರುಚಿದ್ದು ಈಗಲೂ ಕಿವಿಯಲ್ಲಿದೆ.

ಹುಡುಗ ಕೂಡಲೇ ಮೇಲೆ ಬಂದ, ತೇಲಿದ. ತಮ್ಮ ಎಸೆದ ಹಗ್ಗ ಅವನ ಹಿಂದೆ ಬಿತ್ತು, ತಪ್ಪಿತು. ಖಾಲಿ ಚೀಲಕ್ಕೆ ಮತ್ತೆ ಹಗ್ಗ ತುಂಬಿ ಎಸೆಯಲು ಸಮಯ ಇರುವುದಿಲ್ಲ, ಎರಡನೆಯವರು ಬೇಕೇಬೇಕು ಅನ್ನುವುದು ಇದಕ್ಕೇ. ಆಶಾ ಅಕ್ಕನ ಹಗ್ಗ ಅವನ ಎದೆಯ ಮೇಲೆ ಅಡ್ಡ ಬಿತ್ತು. ಅಕ್ಕ "ಬೆನ್ನ ಮೇಲೆ ಮಲಗು, ಹಗ್ಗ ಹೆಗಲಿಗೆ ಹಾಕ್ಕೋ" ಅಂತ ಕೂಗಿದರು, ಅವನು ಹಾಗೇ ಮಾಡಿದ. ಸೆಳವೇ ಅವನನ್ನು ಅರ್ಧ ಚಂದ್ರದ ಹಾಗೆ ತಿರುಗಿಸಿ ದಡಕ್ಕೆ ತಂದು ಬಿಟ್ಟಿತು. ಬೇಲಿ ಆರು ಹೆಜ್ಜೆ ಕೆಳಗಿತ್ತು. ಒಂದು ವಿಷಯ ಒಪ್ಪಿಕೊಳ್ಳಬೇಕು. ಅವನ ಸೊಂಟದಿಂದ ಕುಯ್ದ ಹಗ್ಗದ ಉದ್ದ ಬಾಲ ನೀರಿನಲ್ಲಿ ಎಳೆದುಕೊಂಡು ಬರುತ್ತಿತ್ತು. ಅದು ಯಾವುದಾದರೂ ಕಾಫಿ ಗಿಡಕ್ಕೋ ಸಿಲ್ವರ್ ಓಕ್ ಬುಡಕ್ಕೋ ಸಿಕ್ಕಿದ್ದರೆ ಮತ್ತೆ ಅದೇ ಕತೆ. ಸಿಗಲಿಲ್ಲ. ಅದರಲ್ಲಿ ನಮ್ಮ ಜಾಣತನ ಏನೂ ಇಲ್ಲ.

ಅವನಿಗೆ ಎಚ್ಚರ ಇತ್ತು, ಕೆಮ್ಮುತ್ತಿದ್ದ, ನಡುಗುತ್ತಿದ್ದ. ಒದ್ದೆ ಬಟ್ಟೆ ತೆಗೆದು ಕಂಬಳಿ ಸುತ್ತಿ ಪಕ್ಕಕ್ಕೆ ಒರಗಿಸಿ ಮಲಗಿಸಿದೆವು. ನನಗೇನೂ ಆಗಿಲ್ಲ ಅಂದ. ಆದರೂ ಜೀಪಿನಲ್ಲಿ ಆಸ್ಪತ್ರೆಗೆ ಕಳಿಸಿದೆವು. ಶ್ವಾಸಕೋಶಕ್ಕೆ ನೀರು ಹೋದವರಿಗೆ ಕೆಲವು ಗಂಟೆ ಬಿಟ್ಟು ಉಸಿರಾಟ ಕೆಡಬಹುದು, ಕೆಮ್ಮು ಇದ್ದರೆ ಮನೆಗೆ ಕಳಿಸಬಾರದು.

ಈಗ ಕಷ್ಟದ ಭಾಗ. ಮನೆಯಲ್ಲಿ ನಾಲ್ಕು ಜನ ಇನ್ನೂ ಇದ್ದರು. ನಮ್ಮ ರಾಫ್ಟ್ ಗಾಳಿ ತುಂಬಿ ತಯಾರಾಗಿತ್ತು. ದಡದಲ್ಲಿ 50ಕ್ಕೂ ಹೆಚ್ಚು ಜನ. ಹೋಗಿ, ಹೋಗಿ ಅಂತ ಎಲ್ಲರೂ. ಅಣ್ಣ ಜಾಕೆಟ್ ಹಾಕಿ ನಿಂತಿದ್ದ. ನಾನು, ಇಕ್ಕ, ಮಲ್ಪೆಯವರು ಮೂರು ಜನ ಪಕ್ಕಕ್ಕೆ ಹೋಗಿ ಮಾತಾಡಿದೆವು. ನೀರು ಮನೆಯೊಳಗೆ ಮೊಣಕಾಲ ಮಟ್ಟ, ಅವರು ಅಟ್ಟದ ಮೇಲಿದ್ದಾರೆ. ಗೋಡೆ ಸಿಮೆಂಟ್ ಬ್ಲಾಕಿನದು, ಮಣ್ಣಿನದಲ್ಲ. ನಡುವೆ 60 ಮೀಟರ್ ಸೆಳವು, ಅದರಲ್ಲಿ ದಿಮ್ಮಿ ತೇಲಿ ಬರುತ್ತಿವೆ, ಕತ್ತಲಲ್ಲಿ ಕಾಣುವುದಿಲ್ಲ. ಕೆಳಗೆ ಮುಳ್ಳುತಂತಿ. ದೋಣಿ ಮಗುಚಿದರೆ ನಾಲ್ಕರ ಬದಲು ಎಂಟು ಜನರನ್ನು ಹುಡುಕಬೇಕು. ಮಲ್ಪೆಯವರು ಹೇಳಿದ್ದು ಇಷ್ಟೇ: "ಕಡಲಲ್ಲಾದ್ರೆ ದೋಣಿ ಮುಳುಗ್ತಾ ಇರುತ್ತೆ, ಕಾಯೋಕಾಗಲ್ಲ. ಇಲ್ಲಿ ಮನೆ ನಿಂತಿದೆಯಲ್ಲಾ."

9.50ಕ್ಕೆ ಕಾಯುವುದು ಅಂತ ತೀರ್ಮಾನ ಮಾಡಿದೆವು. ಆದರೆ ಸುಮ್ನೆ ಕಾಯುವುದಲ್ಲ. ನೀರು ಕಿಟಕಿಯ ಕಟ್ಟೆ ಮುಟ್ಟಿದರೆ, ಅಥವಾ ಮನೆಯಿಂದ ಟಾರ್ಚ್ ಬಿಡದೆ ಮಿನುಗಿದರೆ, ಎಂಥ ಕತ್ತಲಾದರೂ ಹೊರಡುವುದು. ಆಶಾ ಅಕ್ಕ ಗಂಟಲು ಹರಿಯುವ ಹಾಗೆ ಕೂಗಿ ಸೊಸೆಗೆ ಇದನ್ನು ತಿಳಿಸಿದರು. ಅರ್ಧ ಗಂಟೆಗೊಮ್ಮೆ ಎರಡು ಸಲ ಟಾರ್ಚ್ ಹಾಕಿದರೆ ಎಲ್ಲ ಸರಿ ಇದೆ ಅಂತ. ನಾನು ದಡದ ಸಿಲ್ವರ್ ಓಕ್‌ಗೆ ಕತ್ತಿಯಿಂದ ಗುರುತು ಕೊರೆದು ಹತ್ತು ನಿಮಿಷಕ್ಕೊಮ್ಮೆ ನೀರಿನ ಮಟ್ಟ ಬರೆಯಲು ಶುರು ಮಾಡಿದೆ.

ಜನ ನಮ್ಮನ್ನು ಬಯ್ದರು. ಹೇಡಿಗಳು ಅಂದರು. ಜಾಕೆಟ್ ಹಾಕಿಕೊಂಡು ಫೋಟೋಗೆ ಬಂದವರು ಅಂದರು. ಒಬ್ಬ ಅಜ್ಜಿ ನನ್ನ ಕೈ ಹಿಡಿದು ಅತ್ತರು, ಬಸುರಿ ಹೆಂಗಸು ಮಗನೇ ಅಂತ. ನಾನು ಏನೂ ಹೇಳಲಾಗದೆ ಪುಸ್ತಕ ನೋಡುತ್ತಾ ನಿಂತೆ. ಒಂಬತ್ತು ವರ್ಷದ ಮಗಳು ನನಗೂ ಇದ್ದಾಳೆ. ಆ ರಾತ್ರಿ ಟಾರ್ಚ್ ಎರಡು ಸಲ ಮಿನುಗಿದಾಗಲೆಲ್ಲ ದಡದ ಗಲಾಟೆ ಒಂದು ಕ್ಷಣ ನಿಲ್ಲುತ್ತಿತ್ತು.

ಹತ್ತೂವರೆ ತನಕ ನೀರು ಹತ್ತು ನಿಮಿಷಕ್ಕೆ ಒಂದು ಇಂಚು ಏರಿತು. 11.10ರ ಮೇಲೆ ಇಪ್ಪತ್ತು ನಿಮಿಷಕ್ಕೆ ಒಂದು ಇಂಚು. ನಡುರಾತ್ರಿ ನಾಪೋಕ್ಲು ಕಡೆಯಿಂದ ಬಂದ ಒಬ್ಬರು ಅಲ್ಲಿ ನೀರು ನಿಂತಿದೆ ಅಂತ ಸುದ್ದಿ ತಂದರು. ಅದನ್ನು ಕೇಳಿ ಮೊದಲ ಸಲ ನನ್ನ ಕೈ ನಡುಕ ಕಡಿಮೆಯಾಯಿತು. 2.40ಕ್ಕೆ ಗುರುತಿನ ಹತ್ತಿರ ನೀರು ಏರುವುದು ನಿಂತಿತು. ಕಿಟಕಿಯ ಕಟ್ಟೆಗೆ ಇನ್ನೂ ಒಂದೂವರೆ ಅಡಿ ಬಾಕಿ ಇತ್ತು. ಯಾರದೋ ಮನೆಯಿಂದ ಕಪ್ಪು ಕಾಫಿ ಬಂತು, ಬಯ್ದವರೇ ತಂದುಕೊಟ್ಟರು.

6.05ಕ್ಕೆ ಬೆಳಕು ಹರಿದ ಮೇಲೆ ಅಣ್ಣ ಮತ್ತು ಮೂವರು ರಾಫ್ಟ್ ಇಳಿಸಿದರು. ನೇರವಾಗಿ ಮನೆಯ ಕಡೆ ಹುಟ್ಟು ಹಾಕಲಿಲ್ಲ. ಮೂತಿಯನ್ನು ನೀರು ಬರುವ ಕಡೆಗೆ ಓರೆಯಾಗಿ ಇಟ್ಟು, ಸೆಳವೇ ದೋಣಿಯನ್ನು ಅಡ್ಡಕ್ಕೆ ತಳ್ಳುವ ಹಾಗೆ ಹೋದರು. ಮೊದಲ ಸುತ್ತಿಗೆ ಸೊಸೆ ಮತ್ತು ಮಗು. ಎರಡನೆಯದಕ್ಕೆ ಅಜ್ಜಿ, ತಾತ, ಜೊತೆಗೆ ರೇಷನ್ ಕಾರ್ಡು ಹಕ್ಕುಪತ್ರ ಇದ್ದ ಟಿನ್ ಪೆಟ್ಟಿಗೆ. 6.50ಕ್ಕೆ ಎಲ್ಲ ಮುಗಿಯಿತು. ಮರಗಳನ್ನು ಕಡಿದುಕೊಂಡು ಬಂದ ಅಗ್ನಿಶಾಮಕದವರು ಅಷ್ಟರಲ್ಲಿ ತಲುಪಿದರು, ಸೊಸೆಯನ್ನು ಅವರ ಗಾಡಿಯಲ್ಲೇ ಆಸ್ಪತ್ರೆಗೆ ಕರೆದೊಯ್ದರು. ಹೆರಿಗೆ ಅಕ್ಟೋಬರ್‌ನಲ್ಲಿ ಆಯಿತು, ಗಂಡು ಮಗು.

ಮೂರು ದಿನ ಬಿಟ್ಟು ನಾವು 14 ಜನ ಕೂತು ಇದನ್ನೆಲ್ಲ ಮತ್ತೆ ಮಾತಾಡಿದೆವು. ಎರಡನೇ ಸುತ್ತಿನಲ್ಲಿ ಒಂದು ದಿಮ್ಮಿ ರಾಫ್ಟಿನ ಹತ್ತಿರದಲ್ಲೇ ಹಾದುಹೋಗಿತ್ತು. ಮೇಲೆ ನಿಂತು ನೋಡಿ ಸೀಟಿ ಊದಲು ಯಾರನ್ನೂ ನಿಲ್ಲಿಸಿರಲಿಲ್ಲ, ಅದು ನನ್ನ ತಪ್ಪು, ನಾನೇ ದಡದ ಜವಾಬ್ದಾರಿ. ತಮ್ಮನ ಎಸೆತ ತಪ್ಪಿದ್ದು ಯಾಕೆ ಅಂದರೆ ಕತ್ತಲಲ್ಲಿ ನಾವು ಒಂದು ದಿನವೂ ಅಭ್ಯಾಸ ಮಾಡಿರಲಿಲ್ಲ. ಅವನಿಗೆ ಅದು ತುಂಬಾ ಕೊರೆಯುತ್ತಿತ್ತು. ಸುದ್ದಿ ಎರಡು ಗಂಟೆಗೂ ಹೆಚ್ಚು ತಡವಾಗಿ ಬಂತು, ಯಾಕೆಂದರೆ ನಮ್ಮ ನಂಬರ್ ಮಾತ್ರ ಕೊಟ್ಟಿದ್ದೆವು, ಟವರ್ ಹೋದರೆ ಯಾರು ಎಲ್ಲಿಗೆ ಓಡಿ ಬರಬೇಕು ಅಂತ ಹೇಳಿರಲಿಲ್ಲ. ಈಗ ಹೊಳೆಕರೆಯ ಪ್ರತಿ ಸಾಲಿನಲ್ಲೂ ಬೈಕ್ ಇರುವ ಒಂದು ಮನೆಗೆ ಆ ಕೆಲಸ ಒಪ್ಪಿಸಿದ್ದೇವೆ. ತುರ್ತು ನಂಬರ್ 112ಕ್ಕೂ ಹೇಳಿ, ನಮಗೂ ಹೇಳಿ ಅಂತ.

ಇದಕ್ಕಿಂತ ಮುಖ್ಯ ಅನ್ನಿಸಿದ್ದು ಹಗ್ಗ ಹಿಡಿದಿದ್ದ ಆ ಆರು ಜನ. ನಾವು ಅವರನ್ನು ಮರೆತೇಬಿಟ್ಟಿದ್ದೆವು. ಆಶಾ ಅಕ್ಕ ಮನೆ ಮನೆ ಭೇಟಿಗೆ ಹೋದಾಗ ಗೊತ್ತಾಯಿತು. ಇಬ್ಬರ ಅಂಗೈ ಸಿಪ್ಪೆ ಎದ್ದು ಹಾಗೇ ಇತ್ತು, ಆಸ್ಪತ್ರೆಗೂ ಹೋಗಿರಲಿಲ್ಲ. ಮಾಮ ಕೆಲಸಕ್ಕೆ ಹೋಗುವುದನ್ನೇ ಬಿಟ್ಟಿದ್ದರು. "ನಾನೇ ಅವನನ್ನು ಕೊಲ್ತಾ ಇದ್ದೆ ಅಲ್ವಾ" ಅಂತ ಅಕ್ಕನನ್ನು ಕೇಳಿದರಂತೆ. ಇಕ್ಕ ಮತ್ತು ನಾನು ಅವರ ಮನೆಗೆ ಹೋದೆವು. ಇಕ್ಕ ಹೇಳಿದರು, ನೀವು ಕೆಳಗೆ ನಡೆದದ್ದಕ್ಕೇ ಅವನಿಗೆ ಉಸಿರು ಸಿಕ್ಕಿದ್ದು, ಆ ಉಸಿರು ಇಲ್ಲದಿದ್ದರೆ ನಮ್ಮ ಹಗ್ಗ ಹಿಡಿಯಲು ಅವನಿಗೆ ಶಕ್ತಿ ಇರುತ್ತಿರಲಿಲ್ಲ. ಅದು ಸಮಾಧಾನಕ್ಕೆ ಹೇಳಿದ ಮಾತಲ್ಲ, ನಿಜವೇ. ಮಾಮ ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ ಆ ಚೀಲದ ಹಗ್ಗ ಎಸೆಯುವುದು ಹೇಗೆ ಅಂತ ಕೇಳಿದರು.

ಈ ವರ್ಷ ಮೇ ಕೊನೆಯ ಭಾನುವಾರ, ಮಳೆ ಹಿಡಿಯುವ ಮೊದಲು, ಹೊಳೆಯಲ್ಲಿ ಅಭ್ಯಾಸ ಇಟ್ಟುಕೊಂಡೆವು. ಸೊಂಟ ಮಟ್ಟದ ನೀರು, ಸಣ್ಣ ಸೆಳವು. ಮೈಸೂರಿನಿಂದ ಹುಡುಗ ಬಂದಿದ್ದ. ಜಾಕೆಟ್ ಹಾಕಿ, ಕಾಲು ಮುಂದೆ ಮಾಡಿ, ಬೆನ್ನ ಮೇಲೆ ಮಲಗಿ ತೇಲಿಕೊಂಡು ಬರುವ ಕೆಲಸ ತಾನೇ ತೆಗೆದುಕೊಂಡ. ದಡದಲ್ಲಿ ಮಾಮ ಚೀಲ ಹಿಡಿದು ನಿಂತಿದ್ದರು, ಪಕ್ಕದಲ್ಲಿ ಅಕ್ಕ. ಹುಡುಗ ಹತ್ತಿರ ಬಂದ, ಮಾಮ ಎಸೆದರು. ಹಗ್ಗ ಅವನ ಹಿಂದೆ ಬಿತ್ತು. ಅವರು ಏನೂ ಹೇಳದೆ ಒದ್ದೆ ಹಗ್ಗ ಎಳೆದುಕೊಂಡು ಚೀಲಕ್ಕೆ ತುಂಬತೊಡಗಿದರು, ಹುಡುಗ ದಡದಲ್ಲೇ ಮೇಲಕ್ಕೆ ನಡೆದುಹೋಗಿ ಮತ್ತೆ ನೀರಿಗೆ ಇಳಿದ.